ಡಬಲ್ಸ್ ಆಡಿದ ಕೈ, ಕೋಚ್ ಕುರ್ಚಿ

1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಟೇಬಲ್ ಟೆನಿಸ್ ಪುರುಷರ ಸಿಂಗಲ್ಸ್ ಪದಕ ವೇದಿಕೆಯಲ್ಲಿ ಮೂವರು ನಿಂತಿದ್ದರು. ಚಿನ್ನ ಗೆದ್ದ ಲಿಯು ಗುವೊಲಿಯಾಂಗ್, ಬೆಳ್ಳಿ ಗೆದ್ದ ವಾಂಗ್ ಟಾವೊ, ಇಬ್ಬರೂ ಚೀನಾದವರು. ಕಂಚು ಗೆದ್ದವರು ಜರ್ಮನಿಯ ಎಡಗೈ ಆಟಗಾರ ಯೋರ್ಗ್ ರೊಸ್ಕೊಫ್. 2012ರಲ್ಲಿ ಡಾರ್ಟ್‌ಮಂಡ್‌ನಲ್ಲಿ ವಿಶ್ವ ತಂಡ ಚಾಂಪಿಯನ್‌ಷಿಪ್ ಫೈನಲ್ ನಡೆದಾಗ ಈ ಮೂವರಲ್ಲಿ ಇಬ್ಬರು ಮತ್ತೆ ಎದುರುಬದುರಾದರು. ಆದರೆ ಕೈಯಲ್ಲಿ ಬ್ಯಾಟ್ ಇರಲಿಲ್ಲ. ಲಿಯು ಚೀನಾದ ಕೋಚ್, ರೊಸ್ಕೊಫ್ ಜರ್ಮನಿಯ ಕೋಚ್. ಆ ಸಲವೂ ಗೆದ್ದದ್ದು ಚೀನಾವೇ.

ಟೇಬಲ್ ಟೆನಿಸ್ (ಟಿಟಿ) ಕಲಿಸುವ ನಮ್ಮಂಥವರಿಗೆ ಪೋಷಕರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. 'ಸರ್, ನೀವು ಯಾವ ಲೆವೆಲ್ ಆಡಿದ್ದೀರಿ?' ತಪ್ಪಲ್ಲ, ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಹಿಂದೆ ಒಂದು ನಂಬಿಕೆ ಇದೆ: ಚೆನ್ನಾಗಿ ಆಡಿದವರು ಚೆನ್ನಾಗಿ ಕಲಿಸುತ್ತಾರೆ ಅಂತ. ನನಗೆ ಅದು ಅಷ್ಟು ಸರಳ ಅನಿಸುವುದಿಲ್ಲ. ಆಡಿದ್ದರಲ್ಲಿ ಯಾವ ಭಾಗ ಕೋಚಿಂಗ್‌ಗೆ ಉಪಯೋಗಕ್ಕೆ ಬರುತ್ತದೆ ಎಂದು ನೋಡಬೇಕು. ಅದಕ್ಕೆ ರೊಸ್ಕೊಫ್ ಒಳ್ಳೆಯ ಉದಾಹರಣೆ.

ಅವರು ಹುಟ್ಟಿದ್ದು 1969ರಲ್ಲಿ. ಜರ್ಮನಿಯಲ್ಲಿ ಎಲ್ಲರೂ ಕರೆಯುವುದು 'ರೊಸ್ಸಿ' ಅಂತ. 1989ರಲ್ಲಿ, ಇನ್ನೂ 19ರ ಹುಡುಗ, ಸ್ಟೆಫೆನ್ ಫೆಟ್ಸ್‌ನರ್ ಜೊತೆ ಡಾರ್ಟ್‌ಮಂಡ್‌ನಲ್ಲೇ ವಿಶ್ವ ಡಬಲ್ಸ್ ಕಿರೀಟ ಗೆದ್ದರು. ಫೈನಲ್‌ನಲ್ಲಿ ಎದುರಿದ್ದದ್ದು ಯುಗೊಸ್ಲಾವಿಯಾದ ಕಾಲಿನಿಚ್ ಮತ್ತು ಪೋಲೆಂಡ್‌ನ ಕುಖಾರ್ಸ್ಕಿ ಜೋಡಿ. ತವರಿನ ಜನರ ಮುಂದೆ ಬಂದ ಆ ಗೆಲುವಿನಿಂದ ಜರ್ಮನಿಯಲ್ಲಿ ಟಿಟಿಯ ಹುಚ್ಚು ಒಮ್ಮೆಗೇ ಜಾಸ್ತಿಯಾಯಿತು. 1992ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಯುರೋಪಿಯನ್ ಸಿಂಗಲ್ಸ್ ಚಾಂಪಿಯನ್ ಆದರು. ಅದೇ ವರ್ಷ ಬಾರ್ಸಿಲೋನಾದಲ್ಲಿ ಮತ್ತೆ ಫೆಟ್ಸ್‌ನರ್ ಜೊತೆ ಡಬಲ್ಸ್ ಬೆಳ್ಳಿ. ಒಲಿಂಪಿಕ್ಸ್ ಟಿಟಿಯಲ್ಲಿ ಜರ್ಮನಿಗೆ ಅದು ಮೊದಲ ಪದಕ. ಆಮೇಲೆ ಅಟ್ಲಾಂಟಾದ ಕಂಚು, 1998ರಲ್ಲಿ ಚೀನಾದ ನೆಲದಲ್ಲೇ ವಿಶ್ವಕಪ್. 1988ರಿಂದ 2004ರವರೆಗೆ ಒಟ್ಟು ಐದು ಒಲಿಂಪಿಕ್ಸ್.

ಈ ಪಟ್ಟಿಯಲ್ಲಿ ಡಬಲ್ಸ್ ಎಷ್ಟು ಸಲ ಬಂತು ನೋಡಿ. ನಮ್ಮಲ್ಲಿ ಡಬಲ್ಸ್ ಅಂದರೆ ಸಿಂಗಲ್ಸ್ ಪ್ರಾಕ್ಟೀಸ್ ಮುಗಿದ ಮೇಲೆ ಸುಮ್ನೆ ಹತ್ತು ನಿಮಿಷ ಆಡುವ ಆಟ. ನನ್ನ ಪ್ರಕಾರ ರೊಸ್ಕೊಫ್ ಎಂಬ ಕೋಚ್ ತಯಾರಾದದ್ದು ಅಲ್ಲೇ.

ಯಾಕೆ ಅಂತ ಹೇಳುತ್ತೇನೆ. ಟಿಟಿ ಡಬಲ್ಸ್‌ನಲ್ಲಿ ಜೊತೆಗಾರರಿಬ್ಬರೂ ಸರದಿಯಂತೆ ಒಂದೊಂದೇ ಹೊಡೆತ ಹೊಡೆಯಬೇಕು. ಬ್ಯಾಡ್ಮಿಂಟನ್ನಿನ ಹಾಗೆ ಹತ್ತಿರ ಇದ್ದವರು ಹೊಡೆಯುವಂತಿಲ್ಲ. ಅಂದರೆ ನಾನು ಹೊಡೆದ ಚೆಂಡಿಗೆ ಬರುವ ಉತ್ತರವನ್ನು ನಾನು ಎದುರಿಸುವುದಿಲ್ಲ, ನನ್ನ ಜೊತೆಗಾರ ಎದುರಿಸುತ್ತಾನೆ. ನಾನು ಭರ್ಜರಿ ಟಾಪ್‌ಸ್ಪಿನ್ ಬಿಟ್ಟೆ, ಆದರೆ ಚೆಂಡು ಎದುರಾಳಿಗೆ ಬ್ಲಾಕ್ ಮಾಡಲು, ಅಂದರೆ ಬ್ಯಾಟ್ ಅಡ್ಡ ಹಿಡಿದು ತಡೆಯಲು, ಸಲೀಸಾದ ಕಡೆ ಹೋಯಿತು ಅಂದುಕೊಳ್ಳಿ. ಒದ್ದಾಡುವವನು ನನ್ನ ಜೊತೆಗಾರ! ಹಾಗಾಗಿ ಒಳ್ಳೆಯ ಡಬಲ್ಸ್ ಆಟಗಾರ ಪ್ರತಿ ಚೆಂಡಿಗೂ ಇನ್ನೊಬ್ಬನ ಮುಂದಿನ ಹೊಡೆತವನ್ನು ಯೋಚಿಸುತ್ತಾನೆ. ತನ್ನ ಕೈಗೆ ಇಷ್ಟವಾದದ್ದನ್ನಲ್ಲ, ಅವನ ಕೈಗೆ ಬೇಕಾದದ್ದನ್ನು ಆಡುತ್ತಾನೆ. ಕೋಚ್‌ನ ಕೆಲಸವೂ ಇದೇ ಅಲ್ವಾ?

ಇನ್ನೊಂದು ವಿಷಯ, ಎಡಗೈ. ರೊಸ್ಕೊಫ್ ಎಡಗೈ, ಫೆಟ್ಸ್‌ನರ್ ಬಲಗೈ. ಇಬ್ಬರೂ ಬಲಗೈಯವರಾದರೆ ಪ್ರತಿ ಹೊಡೆತದ ನಂತರ ಒಬ್ಬರು ಇನ್ನೊಬ್ಬರನ್ನು ಸುತ್ತಿ ಹೋಗಬೇಕು. ಎಡ-ಬಲ ಜೋಡಿಗೆ ಆ ತಾಪತ್ರಯ ಕಡಿಮೆ. ಬಲಗೈಯವರು ಟೇಬಲ್‌ನ ಎಡ ಮೂಲೆಯ ಕಡೆ, ಎಡಗೈಯವರು ಬಲ ಮೂಲೆಯ ಕಡೆ. ಇಬ್ಬರಿಗೂ ಟೇಬಲ್ ಪೂರ್ತಿ ಫೋರ್‌ಹ್ಯಾಂಡ್ ಬದಿಗೇ, ಅಂದರೆ ಬ್ಯಾಟ್ ಹಿಡಿದ ಕೈಯ ಕಡೆಗೇ ಸಿಗುತ್ತದೆ, ಹೊಡೆದು ಪಕ್ಕಕ್ಕೆ ಸರಿದರೆ ಆಯಿತು. ಅದೂ ಅಲ್ಲದೆ ಡಬಲ್ಸ್‌ನಲ್ಲಿ ಸರ್ವ್ ಬಲ ಅರ್ಧದಿಂದ ಎದುರಾಳಿಯ ಬಲ ಅರ್ಧಕ್ಕೇ ಹೋಗಬೇಕು. ಬಲ ಮೂಲೆಯಲ್ಲಿ ನಿಂತ ಎಡಗೈಯವರಿಗೆ ಆ ಸರ್ವ್ ಆರಾಮವಾಗಿ ಫೋರ್‌ಹ್ಯಾಂಡ್‌ಗೆ ಬರುತ್ತದೆ. ದೊಡ್ಡ ತಂಡಗಳು ಒಬ್ಬ ಎಡಚನನ್ನು ಹುಡುಕಿ ಇಟ್ಟುಕೊಳ್ಳುವುದು ಇದಕ್ಕೇ.

2010ರಲ್ಲಿ ರಿಚರ್ಡ್ ಪ್ರೌಸೆ ಅವರ ನಂತರ ರೊಸ್ಕೊಫ್ ಪುರುಷರ ರಾಷ್ಟ್ರೀಯ ತಂಡದ ಕೋಚ್ ಆದರು. ಅವರ ಕೈಗೆ ಬಂದವರು ಹಸಿ ಹುಡುಗರಲ್ಲ. ಟಿಮೊ ಬೋಲ್ ಆಗಲೇ ಎರಡು ವಿಶ್ವಕಪ್ ಗೆದ್ದಿದ್ದ ದಿಗ್ಗಜ. ಸಿಡ್ನಿ ಮತ್ತು ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೋಲ್, ರೊಸ್ಕೊಫ್ ಇಬ್ಬರೂ ಒಂದೇ ತಂಡದಲ್ಲಿದ್ದವರು. ತಂಡದ ಇನ್ನೊಬ್ಬ ಆಟಗಾರ ಡಿಮಿತ್ರಿ ಒವ್ಚರೊವ್‌ಗೆ ಆಟ ಕಲಿಸಿದ್ದು ಅವರ ತಂದೆ ಮಿಖಾಯಿಲ್, ಹಿಂದೆ ಸೋವಿಯತ್ ಚಾಂಪಿಯನ್ ಆಗಿದ್ದವರು. ಒಬ್ಬ ನಿನ್ನೆಯವರೆಗಿನ ಸಹ ಆಟಗಾರ, ಇನ್ನೊಬ್ಬನಿಗೆ ಮನೆಯಲ್ಲೇ ಕೋಚ್. ಇಂಥವರ ಮುಂದೆ ಹೋಗಿ 'ನಿನ್ನ ಬ್ಯಾಕ್‌ಹ್ಯಾಂಡ್ ಹಿಡಿತ ಬದಲಿಸು' ಅಂದರೆ ಯಾರು ಕೇಳುತ್ತಾರೆ?

ಜರ್ಮನಿಯ ವ್ಯವಸ್ಥೆಯೂ ಚೀನಾದ ಹಾಗಿಲ್ಲ. ಚೀನಾದಲ್ಲಿ ರಾಷ್ಟ್ರೀಯ ತಂಡದವರು ವರ್ಷದ ಬಹುಪಾಲು ಒಟ್ಟಿಗೆ ಅಭ್ಯಾಸ ಮಾಡುತ್ತಾರೆ. ಜರ್ಮನಿಯಲ್ಲಿ ಆಟಗಾರನಿಗೆ ಸಂಬಳ ಕೊಡುವುದು ಕ್ಲಬ್. ನಮ್ಮ ಶರತ್ ಕಮಲ್ ಕೂಡ ಆಡಿದ ಬೊರುಸಿಯಾ ಡ್ಯುಸೆಲ್‌ಡಾರ್ಫ್ ಅಂಥ ಒಂದು ಕ್ಲಬ್. ಬೋಲ್ ಅಲ್ಲಿ ಆಡುತ್ತಿದ್ದರು. ಒವ್ಚರೊವ್ ಅನೇಕ ವರ್ಷ ರಷ್ಯಾದ ಒರೆನ್‌ಬರ್ಗ್ ಕ್ಲಬ್‌ಗೆ ಆಡಿದರು. ಡ್ಯುಸೆಲ್‌ಡಾರ್ಫ್‌ನಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರ ಇದೆ ನಿಜ. ಆದರೂ ಕ್ಲಬ್ ಪಂದ್ಯ, ಪ್ರಯಾಣ, ಗಾಯ ಎಲ್ಲ ಕಳೆದು ಉಳಿದ ದಿನಗಳಷ್ಟೇ ಕೋಚ್‌ಗೆ ಸಿಗುವುದು. ಅಷ್ಟರಲ್ಲಿ ಯಾರ ಆಟವನ್ನೂ ಕಟ್ಟಲು ಆಗುವುದಿಲ್ಲ. ಇರುವ ಆಟಗಳನ್ನು ಜೋಡಿಸಬಹುದು, ಅಷ್ಟೇ.

ಜೋಡಿಸುವುದು ಅಂದರೆ ಏನು ಅನ್ನುವುದಕ್ಕೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ತಂಡ ಸ್ಪರ್ಧೆ ನೋಡಬೇಕು. ಅಲ್ಲಿ ಮೊದಲ ಪಂದ್ಯವೇ ಡಬಲ್ಸ್. ಮೂವರ ತಂಡದಲ್ಲಿ ಡಬಲ್ಸ್ ಆಡುವ ಇಬ್ಬರಿಗೆ ತಲಾ ಒಂದು ಸಿಂಗಲ್ಸ್, ಹೊರಗೆ ಉಳಿದವನಿಗೆ ಎರಡು ಸಿಂಗಲ್ಸ್. ಯಾರನ್ನು ಡಬಲ್ಸ್‌ನಿಂದ ಹೊರಗಿಡಬೇಕು ಅನ್ನುವುದೇ ಕೋಚ್‌ನ ದೊಡ್ಡ ನಿರ್ಧಾರ. ಜರ್ಮನಿ ಎಡಗೈಯ ಬೋಲ್, ಬಲಗೈಯ ಪ್ಯಾಟ್ರಿಕ್ ಫ್ರಾನ್ಸಿಸ್ಕಾ ಇವರನ್ನು ಜೋಡಿ ಮಾಡಿತು. ಒವ್ಚರೊವ್‌ಗೆ ಎರಡು ಸಿಂಗಲ್ಸ್. ಬೋಲ್‌ಗೆ ಆಗ 40 ವರ್ಷ. ಸೆಮಿಫೈನಲ್‌ನಲ್ಲಿ ಆತಿಥೇಯ ಜಪಾನ್ ವಿರುದ್ಧ 3-2ರ ಗೆಲುವು, ಫೈನಲ್‌ನಲ್ಲಿ ಚೀನಾಕ್ಕೆ ಸೋತು ಬೆಳ್ಳಿ. ಒವ್ಚರೊವ್‌ಗೆ ಸಿಂಗಲ್ಸ್ ಕಂಚೂ ಬಂತು. 2012ರ ಲಂಡನ್‌ನಲ್ಲೂ ಅವರಿಗೆ ಅದೇ ಬಣ್ಣದ ಪದಕ ಸಿಕ್ಕಿತ್ತು.

ಇನ್ನು ಕುರ್ಚಿಯಲ್ಲಿ ಕೂತು ಮಾತಾಡುವ ಕೆಲಸ. ಹೊರಗಿನವರಿಗೆ ಕೋಚಿಂಗ್ ಅಂದರೆ ಕಾಣುವುದು ಇದೇ. ಒಂದು ಮ್ಯಾಚ್‌ಗೆ ಒಂದೇ ಟೈಮ್‌ಔಟ್, ಅದೂ ಒಂದು ನಿಮಿಷ. ಗೇಮ್‌ಗಳ ನಡುವೆ ಇನ್ನೊಂದು ನಿಮಿಷ. 2016ರ ಅಕ್ಟೋಬರ್‌ವರೆಗೆ ಉಳಿದ ಹೊತ್ತಿನಲ್ಲಿ ಕೋಚ್ ಬಾಯಿ ಬಿಡುವಂತಿರಲಿಲ್ಲ, ಬಿಟ್ಟರೆ ಅಂಪೈರ್ ಎಚ್ಚರಿಸುತ್ತಿದ್ದರು. ಈಗ ರ‍್ಯಾಲಿ (ಚೆಂಡಿನ ವಿನಿಮಯ) ನಡೆಯದೇ ಇರುವಾಗ ಹೇಳಬಹುದು. ಆದರೆ ಬೆವರು ಒರೆಸಿಕೊಳ್ಳುತ್ತಾ ನೀರು ಕುಡಿಯುವ ಆಟಗಾರನ ತಲೆಗೆ ಹೋಗುವುದು ಒಂದು, ಹೆಚ್ಚೆಂದರೆ ಎರಡು ಮಾತು. ಎಲ್ಲಿಗೆ ಸರ್ವ್ ಮಾಡಬೇಕು, ಎದುರಾಳಿಯ ಸರ್ವ್‌ಗೆ ಮೊದಲ ಚೆಂಡು ಎಲ್ಲಿಗೆ ಹೋಗಬೇಕು. ನಮ್ಮ ಜಿಲ್ಲಾ ಟೂರ್ನಿಗಳಲ್ಲಿ ಆ ಒಂದು ನಿಮಿಷದಲ್ಲಿ ಇಡೀ ಪಾಠ ಒಪ್ಪಿಸುವ ಕೋಚ್‌ಗಳನ್ನು ನೋಡುತ್ತಲೇ ಇರುತ್ತೇನೆ. ಹುಡುಗ ತಲೆಯಾಡಿಸಿ, ಹೋಗಿ ಹಳೆಯದನ್ನೇ ಆಡುತ್ತಾನೆ.

ರೊಸ್ಕೊಫ್‌ಗೆ ಇನ್ನೊಂದು ಕಷ್ಟವೂ ಇತ್ತು. ಅವರು ಗೆದ್ದ ಆಟವೇ ಈಗ ಇಲ್ಲ. ಅವರ ಕಾಲದಲ್ಲಿ ಗೇಮ್ 21 ಪಾಯಿಂಟ್, ಚೆಂಡು 38 ಮಿಲಿಮೀಟರ್, ಐದೈದು ಸರ್ವ್. ಮ್ಯಾಚ್‌ಗೆ ಮುಂಚೆ ರಬ್ಬರ್‌ಗೆ ಸ್ಪೀಡ್ ಗ್ಲೂ ಎಂಬ ಅಂಟು ಹಚ್ಚಿದರೆ ಸ್ಪಂಜ್ ಉಬ್ಬಿ ಚೆಂಡು ಟಪ್ ಅಂತ ಸಿಡಿಯುತ್ತಿತ್ತು. 2000ದಲ್ಲಿ ಚೆಂಡು 40 ಮಿಲಿಮೀಟರ್ ಆಯಿತು. 2001ರಲ್ಲಿ ಗೇಮ್ 11ಕ್ಕೆ ಇಳಿಯಿತು. ಮರುವರ್ಷ ಸರ್ವ್ ಮಾಡುವಾಗ ಚೆಂಡನ್ನು ಎದುರಾಳಿಗೆ ಕಾಣದಂತೆ ಮರೆಮಾಡುವುದು ನಿಂತಿತು. 2008ರ ಬೀಜಿಂಗ್ ಒಲಿಂಪಿಕ್ಸ್ ಮುಗಿಯುತ್ತಲೇ ಗ್ಲೂ ನಿಷೇಧವಾಯಿತು, 2014ರಲ್ಲಿ ಪ್ಲಾಸ್ಟಿಕ್ ಚೆಂಡು ಬಂತು. 21ರ ಗೇಮ್‌ನಲ್ಲಿ ಐದು ಪಾಯಿಂಟ್ ಹಿಂದೆ ಬಿದ್ದರೆ ನಿಧಾನಕ್ಕೆ ಹತ್ತಬಹುದಿತ್ತು. 11ರಲ್ಲಿ ಐದು ಹೋದರೆ ಅರ್ಧ ಗೇಮ್ ಹೋದಂತೆ. 'ನಮ್ಮ ಕಾಲದಲ್ಲಿ ಹೀಗೆ ಆಡುತ್ತಿದ್ದೆವು' ಅನ್ನುವ ಕೋಚ್ ಈ ಆಟದಲ್ಲಿ ಬಾಳುವುದಿಲ್ಲ. ಈ ಬದಲಾವಣೆಗಳಲ್ಲಿ ಕೆಲವನ್ನು ಆಡುತ್ತಲೇ ದಾಟಿದ್ದು ರೊಸ್ಕೊಫ್ ಅವರ ಪುಣ್ಯ.

ಲೆಕ್ಕ ಹಾಕುವವರು ಒಂದು ಮಾತು ಹೇಳುತ್ತಾರೆ: 2012, 2014, 2018, 2022ರ ವಿಶ್ವ ತಂಡ ಫೈನಲ್‌ಗಳಲ್ಲಿ ಜರ್ಮನಿಗೆ ನಾಲ್ಕೂ ಸಲ ಚೀನಾ ಎದುರು ಸೋಲು. ನನಗೆ ಅದು ಸೋಲಿನ ಪಟ್ಟಿಯಾಗಿ ಕಾಣುವುದಿಲ್ಲ. ಅದರಲ್ಲೂ 2022ರ ಚೆಂಗ್ಡು. ಬೋಲ್ ಇಲ್ಲ, ಒವ್ಚರೊವ್ ಇಲ್ಲ. ಡಾಂಗ್ ಚಿಯು, ಬೆನೆಡಿಕ್ಟ್ ಡುಡಾ ಮತ್ತು ಎಳೆಯ ಹುಡುಗರನ್ನು ಕಟ್ಟಿಕೊಂಡು ಫೈನಲ್‌ವರೆಗೆ ಹೋದದ್ದು ಆ ನಾಲ್ಕರಲ್ಲಿ ಅತ್ಯುತ್ತಮ ಕೆಲಸ ಎಂದು ನಾನು ಹೇಳುತ್ತೇನೆ. ಚಿಯು ಬ್ಯಾಟ್ ಹಿಡಿಯುವುದು ಪೆನ್ ಹಿಡಿದ ಹಾಗೆ, ಯುರೋಪಿನಲ್ಲಿ ಅಪರೂಪದ ಹಿಡಿತ. ಅದೇ ವರ್ಷ ಮ್ಯೂನಿಕ್‌ನಲ್ಲಿ ಅವರು ಯುರೋಪಿಯನ್ ಚಾಂಪಿಯನ್ ಆಗಿದ್ದರು. ರೊಸ್ಕೊಫ್ ಎಂದೂ ಆಡದ ಶೈಲಿ ಅದು.

ಎಲ್ಲವೂ ಗೆಲುವೇ ಅಂತಲ್ಲ. 2014ರ ಯುರೋಪಿಯನ್ ತಂಡ ಫೈನಲ್‌ನಲ್ಲಿ ಪೋರ್ಚುಗಲ್, ಮರುವರ್ಷ ಆಸ್ಟ್ರಿಯಾ, ಎರಡೂ ಜರ್ಮನಿಗೆ ಆಘಾತ ಕೊಟ್ಟವು. 2024ರ ಪ್ಯಾರಿಸ್‌ನಲ್ಲಿ ಸ್ವೀಡನ್ ಕ್ವಾರ್ಟರ್ ಫೈನಲ್‌ನಲ್ಲೇ ಹೊರಗೆ ಕಳಿಸಿತು. 2008ರಿಂದ ಸತತ ನಾಲ್ಕು ಒಲಿಂಪಿಕ್ಸ್‌ನಲ್ಲಿ ತಂಡ ಪದಕ ಗೆದ್ದಿದ್ದ ಜರ್ಮನಿ ಬರಿಗೈಯಲ್ಲಿ ಮರಳಿತು. ಏಳು ಒಲಿಂಪಿಕ್ಸ್ ಆಡಿದ ಬೋಲ್ ಅಲ್ಲಿಗೆ ಅಂತಾರಾಷ್ಟ್ರೀಯ ಆಟ ಮುಗಿಸಿದರು.

ಹೋದದ್ದು ಒಬ್ಬ ದಿಗ್ಗಜ ಮಾತ್ರವಲ್ಲ, ತಂಡದ ಎಡಗೈ ಕೂಡ. ಆದರೆ ಡುಡಾ ಎಡಗೈಯವರೇ. ಚಿಯು ಬಲಗೈ. ಇಬ್ಬರೂ ಈಗಾಗಲೇ ಜೋಡಿಯಾಗಿ ಡಬಲ್ಸ್ ಆಡುತ್ತಿದ್ದಾರೆ.