ಬ್ರೆಡಾ ಒಪ್ಪಂದದಲ್ಲಿ ಇಲ್ಲದ ವಿನಿಮಯ

ಇಂದಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳಲ್ಲಿ ಒಂದಾದ, ಜಾಯಿಕಾಯಿ ಬೆಳೆಯುವ ಪುಟ್ಟ ರನ್ ದ್ವೀಪವನ್ನು ಡಚ್ಚರಿಗೆ ಬಿಟ್ಟುಕೊಟ್ಟು, ಅದರ ಬದಲಿಗೆ ಇಂಗ್ಲಿಷರು ಮ್ಯಾನ್‌ಹಟನ್ ಪಡೆದರು ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಆದರೆ 1667ರ ಜುಲೈ 31ರಂದು ಇಬ್ಬರ ನಡುವಿನ ಯುದ್ಧ ಮುಗಿಸಲು ನೆದರ್‌ಲ್ಯಾಂಡ್ಸ್‌ನ ಬ್ರೆಡಾದಲ್ಲಿ ಸಹಿಯಾದ ಒಪ್ಪಂದದಲ್ಲಿ ಅಂಥ ಅದಲುಬದಲಿನ ಷರತ್ತು ಇಲ್ಲ. ಆ ವರ್ಷದ ಮೇ 20ರ ಹೊತ್ತಿಗೆ ಯಾವ ನೆಲ ಯಾರ ವಶದಲ್ಲಿತ್ತೋ ಅದು ಅವರಲ್ಲೇ ಉಳಿಯಲಿ ಎಂದಷ್ಟೇ ಎರಡೂ ಕಡೆಯವರು ಒಪ್ಪಿದರು.

ಅಷ್ಟರಲ್ಲಿ ರನ್ ವಿವಾದಕ್ಕೆ ಐವತ್ತು ವರ್ಷ ತುಂಬಿತ್ತು. ಯೂರೋಪಿನಲ್ಲಿ ಇಬ್ಬರದೂ ಹಳೆಯ ಸ್ನೇಹ. ಸ್ಪೇನಿನ ವಿರುದ್ಧ ದಂಗೆಯೆದ್ದ ಡಚ್ಚರಿಗೆ ಮೊದಲನೆಯ ಎಲಿಜಬೆತ್ ರಾಣಿ 1585ರ ನಾನ್‌ಸಚ್ ಒಪ್ಪಂದದಂತೆ ಸೈನ್ಯ ಕಳುಹಿಸಿದ್ದಳು. ಬಾಂಡಾ ದ್ವೀಪಗಳಲ್ಲಿ ಆ ಸ್ನೇಹ ನಡೆಯಲಿಲ್ಲ. 1616ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ನಥಾನಿಯಲ್ ಕೋರ್ಟ್‌ಹೋಪ್ ರನ್‌ನಲ್ಲಿ ಇಳಿದು, ದ್ವೀಪವಾಸಿಗಳಿಂದ ಇಂಗ್ಲೆಂಡಿನ ದೊರೆಗೆ ಒಪ್ಪಿಗೆಪತ್ರ ಬರೆಸಿಕೊಂಡ. ಎರಡೂ ಈಸ್ಟ್ ಇಂಡಿಯಾ ಕಂಪನಿಗಳು ವ್ಯಾಪಾರ ಹಂಚಿಕೊಳ್ಳಬೇಕೆಂದು 1619ರಲ್ಲಿ ಲಂಡನ್ನಿನಲ್ಲಿ ಒಪ್ಪಂದವಾಗಿದ್ದರೂ, 1620ರ ಅಕ್ಟೋಬರ್‌ನಲ್ಲಿ ಕೋರ್ಟ್‌ಹೋಪ್ ಡಚ್ಚರ ಕೈಯಲ್ಲೇ ಸತ್ತ.

ಮರುವರ್ಷ ಡಚ್ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್ಸ್‌ಜೂನ್ ಕೂನ್ ಬಾಂಡಾವನ್ನು ಗೆದ್ದಾಗ, ಸುಮಾರು 15,000 ಇದ್ದ ಅಲ್ಲಿನ ಜನರಲ್ಲಿ ಬಹುಪಾಲು ಮಂದಿ ಕೊಲೆಯಾದರು, ಹಸಿವಿನಿಂದ ಸತ್ತರು, ಗುಲಾಮರಾಗಿ ಸಾಗಿಸಲ್ಪಟ್ಟರು ಇಲ್ಲವೇ ಓಡಿಹೋದರು. ಈ ವಿವಾದದ ಯಾವ ಸಂಧಾನದಲ್ಲೂ ಅವರ ಪರವಾಗಿ ಯಾರೂ ಕೂರಲಿಲ್ಲ ಎಂಬುದನ್ನು ಮರೆತು ಈ ಇತಿಹಾಸವನ್ನು ಹೇಳಬಾರದು. ಇಂಗ್ಲಿಷರ ಮನಸ್ಸನ್ನು ಕೆರಳಿಸಿದ್ದು ಬೇರೆಯದೇ ಘಟನೆ: 1623ರಲ್ಲಿ ಬಾಂಡಾದ ಹತ್ತಿರದ ಅಂಬೋಯ್ನಾ ದ್ವೀಪದ ಡಚ್ ಕೋಟೆಯಲ್ಲಿ, ಚಿತ್ರಹಿಂಸೆಯಿಂದ ಪಡೆದ ತಪ್ಪೊಪ್ಪಿಗೆಯ ಮೇಲೆ, ಅಲ್ಲಿನ ಇಂಗ್ಲಿಷ್ ವ್ಯಾಪಾರಿಗಳ ಮುಖ್ಯಸ್ಥ ಗೇಬ್ರಿಯಲ್ ಟವರ್ಸನ್ ಸೇರಿ ಹತ್ತು ಇಂಗ್ಲಿಷರ ತಲೆ ಕಡಿಯಲಾಯಿತು. ಆ ಸಾವುಗಳಿಗೆ ಪರಿಹಾರ ಸಿಕ್ಕಿದ್ದು ಮೊದಲ ಇಂಗ್ಲಿಷ್-ಡಚ್ ಯುದ್ಧ ಮುಗಿದು, 1654ರ ವೆಸ್ಟ್‌ಮಿನ್‌ಸ್ಟರ್ ಒಪ್ಪಂದವಾದ ಮೇಲೆ. ರನ್ ಅನ್ನು ಹಿಂದಿರುಗಿಸುವುದೆಂದೂ ಆಗ ತೀರ್ಮಾನವಾಯಿತು. ಅದು ಇಂಗ್ಲಿಷರ ಕೈಸೇರಿದ್ದು 1665ರಲ್ಲಿ, ಸೇರಿದ ಬೆನ್ನಿಗೇ ಎರಡನೆಯ ಯುದ್ಧದಲ್ಲಿ ಮತ್ತೆ ಕೈತಪ್ಪಿತು.

ಬ್ರೆಡಾದಲ್ಲಿ ಇಬ್ಬರನ್ನೂ ಬಗ್ಗಿಸಿದ್ದು ದಣಿವು ಮತ್ತು ಭಯ. ಪ್ಲೇಗು ಮತ್ತು ಬೆಂಕಿಯಿಂದ ಲಂಡನ್ ನಲುಗಿತ್ತು, 1667ರ ಜೂನ್‌ನಲ್ಲಿ ಡಚ್ಚರು ಮೆಡ್‌ವೇ ನದಿಗೇ ನುಗ್ಗಿ ‘ರಾಯಲ್ ಚಾರ್ಲ್ಸ್’ ನೌಕೆಯನ್ನು ಎಳೆದೊಯ್ದಿದ್ದರು. ಡಚ್ಚರಿಗಾದರೋ ನೆರೆಯ ಸ್ಪ್ಯಾನಿಷ್ ನೆದರ್‌ಲ್ಯಾಂಡ್ಸ್‌ಗೆ ನುಗ್ಗಿದ್ದ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಚಿಂತೆ. ಹೀಗೆ ರನ್ ಜೊತೆಗೆ, ಅದೇ ವರ್ಷ ಗೆದ್ದಿದ್ದ ಸುರಿನಾಮ್‌ನ ಕಬ್ಬಿನ ತೋಟಗಳೂ ಡಚ್ಚರಿಗೆ ಉಳಿದವು; 1664ರಲ್ಲಿ ಇಂಗ್ಲಿಷರು ವಶಪಡಿಸಿಕೊಂಡಿದ್ದ, ಮ್ಯಾನ್‌ಹಟನ್ನಿನ ಡಚ್ ಪಟ್ಟಣ ನ್ಯೂ ಆಮ್‌ಸ್ಟರ್‌ಡ್ಯಾಮ್ ಅವರಲ್ಲೇ ಉಳಿಯಿತು. ಮ್ಯಾನ್‌ಹಟನ್ನಿನ ಒಡೆತನ ಆಗಲೂ ಇತ್ಯರ್ಥವಾಗಲಿಲ್ಲ. 1673ರಲ್ಲಿ ಡಚ್ಚರು ಅದನ್ನು ಮರಳಿ ಗೆದ್ದರು. 1674ರ ಎರಡನೆಯ ವೆಸ್ಟ್‌ಮಿನ್‌ಸ್ಟರ್ ಒಪ್ಪಂದದಲ್ಲಿ ಇಂಗ್ಲೆಂಡಿಗೆ ಹಿಂದಿರುಗಿಸಿದರು.