ಒಳಮೀಸಲಾತಿ: ಲೆಕ್ಕ ಸಿಕ್ಕಿಹಾಕಿಕೊಂಡಿರುವುದು ಎಲ್ಲಿ?

ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಜಾತಿಗಳಿವೆ. ಇಷ್ಟಕ್ಕೂ ಸೇರಿ ಇದ್ದ ಶೇ 15ರ ಮೀಸಲಾತಿ 2022ರಲ್ಲಿ ಶೇ 17ಕ್ಕೆ ಏರಿತು. ಆದರೆ ಅದರಲ್ಲಿ ನಮಗೆ ಸಿಕ್ಕಿದ್ದು ಎಷ್ಟು ಎಂಬ ಮಾದಿಗರ ಪ್ರಶ್ನೆ ಅದಕ್ಕಿಂತ ಬಹಳ ಹಳೆಯದು. ಈ ಒಟ್ಟು ಪಾಲನ್ನು ಪಟ್ಟಿಯೊಳಗಿನ ಜಾತಿ ಗುಂಪುಗಳಿಗೆ ಪ್ರತ್ಯೇಕವಾಗಿ ಹಂಚುವುದೇ ಒಳಮೀಸಲಾತಿ.

ಪಕ್ಕದ ಆಂಧ್ರಪ್ರದೇಶ 1990ರ ದಶಕದ ಮಾದಿಗ ದಂಡೋರ ಹೋರಾಟಕ್ಕೆ ಮಣಿದು ಪರಿಶಿಷ್ಟರನ್ನು ನಾಲ್ಕು ಗುಂಪು ಮಾಡಿತ್ತು. 2004ರ ಚಿನ್ನಯ್ಯ ತೀರ್ಪು ಅದನ್ನು ರದ್ದುಪಡಿಸಿತು. ಪಟ್ಟಿಯಲ್ಲಿರುವವರೆಲ್ಲ ಒಂದೇ ವರ್ಗ, ಒಡೆಯಲು ರಾಜ್ಯಕ್ಕೆ ಅಧಿಕಾರವಿಲ್ಲ ಎಂದಿತು ಸುಪ್ರೀಂ ಕೋರ್ಟ್. ಮರುವರ್ಷವೇ ಕರ್ನಾಟಕ ಎ.ಜೆ. ಸದಾಶಿವ ಆಯೋಗ ರಚಿಸಿತು. ಅದು 2012ರಲ್ಲಿ ಕೊಟ್ಟ ಸೂತ್ರ: ಎಡಗೈಗೆ (ಮಾದಿಗ ಮತ್ತು ಸಂಬಂಧಿತ ಜಾತಿಗಳು) ಶೇ 6, ಬಲಗೈಗೆ (ಹೊಲೆಯ ಮತ್ತು ಸಂಬಂಧಿತ ಜಾತಿಗಳು) 5, ಸ್ಪೃಶ್ಯರಿಗೆ (ಬಂಜಾರ, ಭೋವಿ ಮುಂತಾದವರು) 3, ಉಳಿದವರಿಗೆ 1. ಚಿನ್ನಯ್ಯ ತೀರ್ಪು ಅಡ್ಡವಿದ್ದದ್ದು ನಿಜ; ವರದಿಯನ್ನು ಮುಟ್ಟದಿರಲು ಸರ್ಕಾರಗಳಿಗೆ ಅದು ಒಳ್ಳೆಯ ನೆಪವೂ ಆಯಿತು. ಚುನಾವಣೆ ಹೊಸ್ತಿಲಲ್ಲಿ, 2023ರ ಮಾರ್ಚ್‌ನಲ್ಲಿ, ಬೊಮ್ಮಾಯಿ ಸಂಪುಟ ಶೇ 17ನ್ನು ಇದೇ ಕ್ರಮದಲ್ಲಿ 6, 5.5, 4.5, 1 ಎಂದು ಹಂಚಿ ಕೇಂದ್ರಕ್ಕೆ ಶಿಫಾರಸು ಮಾಡಿ ಕೈತೊಳೆದುಕೊಂಡಿತು.

2024ರ ಆಗಸ್ಟ್ 1ರಂದು ದವಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ 6:1ರ ಬಹುಮತದಿಂದ ಚಿನ್ನಯ್ಯ ತೀರ್ಪನ್ನು ತಳ್ಳಿಹಾಕಿತು. ಒಳವರ್ಗೀಕರಣಕ್ಕೆ ದಾರಿ ತೆರೆಯಿತು, ಆದರೆ ದತ್ತಾಂಶ ಬೇಕು ಎಂಬ ಷರತ್ತಿನೊಂದಿಗೆ.

ತೊಡಕಿರುವುದು ಆ ದತ್ತಾಂಶದಲ್ಲೇ. ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳನ್ನು ಕೆಲವು ಜಿಲ್ಲೆಗಳಲ್ಲಿ ಹೊಲೆಯರು ಬರೆಸಿದ್ದಾರೆ, ಕೆಲವು ಕಡೆ ಮಾದಿಗರು. ಜಾತಿ ಪ್ರಮಾಣಪತ್ರದಲ್ಲಿ ಬರೀ 'ಎಕೆ' (ಆದಿ ಕರ್ನಾಟಕ) ಎಂದಿದ್ದರೆ ಆ ವ್ಯಕ್ತಿ ಎಡವೋ ಬಲವೋ ತಿಳಿಯದು. ಹಾಗಾಗಿ ಹಳೆಯ ಜನಗಣತಿಯ ಅಂಕಿಗಳಿಂದ ಪಾಲು ಹಾಕಿದರೆ ಎರಡೂ ಕಡೆಯವರ ತಕರಾರು ಖಚಿತ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ನೇಮಿಸಿದ ನಾಗಮೋಹನ್ ದಾಸ್ ಆಯೋಗ ಮನೆಮನೆಗೆ ಗಣತಿದಾರರನ್ನು ಕಳಿಸಿ ಮೂಲಜಾತಿ ಕೇಳಿಸಿದ್ದು ಇದೇ ಕಾರಣಕ್ಕೆ. ಆದರೂ ದೊಡ್ಡ ಸಂಖ್ಯೆಯ ಜನ 'ಆದಿ' ಹೆಸರಿಗೇ ಅಂಟಿಕೊಂಡರು.

ಆಯೋಗ ಐದು ಗುಂಪು ಸೂಚಿಸಿತು: ಅಲೆಮಾರಿಗಳು ಸೇರಿದಂತೆ ಅತಿ ಹಿಂದುಳಿದ 59 ಜಾತಿಗಳಿಗೆ ಶೇ 1, ಎಡಗೈಗೆ 6, ಬಲಗೈಗೆ 5, ಬಂಜಾರ, ಭೋವಿ, ಕೊರಮ, ಕೊರಚರಿಗೆ 4, ಮೂಲಜಾತಿ ಹೇಳದ 'ಆದಿ' ಗುಂಪಿಗೆ 1. ಆಗಸ್ಟ್ 19ರಂದು ರಾಜ್ಯ ಸಂಪುಟ ಅದನ್ನು ಮೂರಕ್ಕೆ ಇಳಿಸಿ ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಎಂದಿತು. ಅಲೆಮಾರಿಗಳು ಬಂಜಾರ, ಭೋವಿಗಳ ಜೊತೆ ಶೇ 5ರೊಳಗೆ ಸೇರಿಹೋದರು. ಸಂಘಟನೆ, ಶಾಸಕರು, ಹಾಸ್ಟೆಲ್ ಕಂಡ ಸಮುದಾಯಗಳ ಎದುರು ಗುಡಾರದ ಮಕ್ಕಳು ಸ್ಪರ್ಧಿಸಬೇಕು. ಅವರು ಬೀದಿಗಿಳಿದದ್ದರಲ್ಲಿ ಅಚ್ಚರಿಯೇನಿಲ್ಲ.

ಹಾಗಂತ ಪ್ರತ್ಯೇಕ ಶೇ 1 ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ? ನೇಮಕಾತಿ ನಡೆಯುವುದು ರೋಸ್ಟರ್ ಬಿಂದುಗಳ ಪ್ರಕಾರ, ಅಂದರೆ ಎಷ್ಟನೇ ಹುದ್ದೆ ಯಾವ ವರ್ಗಕ್ಕೆ ಎಂದು ಮೊದಲೇ ಗೊತ್ತುಮಾಡಿದ ಸರದಿ ಪಟ್ಟಿಯಂತೆ. ಶೇ 17ರ ಲೆಕ್ಕದಲ್ಲಿ ನೂರು ಬಿಂದುಗಳಲ್ಲಿ ಪರಿಶಿಷ್ಟ ಜಾತಿಗೆ 17. ಶೇ 1ರ ಗುಂಪಿಗೆ ಒಂದೇ ಒಂದು. ಆ ಬಿಂದು 90ರ ಆಸುಪಾಸಿನಲ್ಲಿದ್ದರೆ, ವರ್ಷಕ್ಕೆ ಹತ್ತು ಹುದ್ದೆ ತುಂಬುವ ಇಲಾಖೆಯಲ್ಲಿ ಸರದಿ ಬರಲು ಒಂಬತ್ತು ವರ್ಷ ಬೇಕು. ಮೊದಲ ಹತ್ತರೊಳಗಿದ್ದರೆ ಮೊದಲ ವರ್ಷವೇ ಬಂದೀತು. ಶೇಕಡಾವಾರಿನ ಬಗ್ಗೆ ನಡೆದ ಗದ್ದಲದ ಕಾಲು ಭಾಗವೂ ಬಿಂದು ಎಲ್ಲಿ ಬೀಳಬೇಕು ಎಂಬುದರ ಬಗ್ಗೆ ನಡೆಯಲಿಲ್ಲ. ನಿಜಕ್ಕೂ ಕಾದಾಡಬೇಕಿದ್ದ ಜಾಗ ಅದು.