1976ರ ಎರಡು ಕಾಗದ: ಇಂದಿರಾ ಗಾಂಧಿ ಬಗ್ಗೆ ಮಲೆನಾಡಿನ ಮುಗಿಯದ ಜಗಳ

ಸಾಗರ ತಾಲ್ಲೂಕಿನ ನಮ್ಮ ಮನೆಯ ಟ್ರಂಕಿನಲ್ಲಿ 1976ನೇ ಇಸವಿಯ ಎರಡು ಕಾಗದಗಳಿವೆ. ಒಂದು, ಅಜ್ಜನ ಹೆಸರಿಗೆ ಭೂನ್ಯಾಯ ಮಂಡಳಿಯಿಂದ ಬಂದ ಆದೇಶ. ಅವರು ಗೇಣಿಗೆ ಮಾಡುತ್ತಿದ್ದ ಎರಡು ಎಕರೆ ಗದ್ದೆ ಇನ್ನು ಅವರದೇ ಎಂದು ಅದರಲ್ಲಿದೆ. ಇನ್ನೊಂದು, ಅಜ್ಜನ ತಮ್ಮ ಜೈಲಿನಿಂದ ಬರೆದ ಇನ್‌ಲ್ಯಾಂಡ್ ಲೆಟರ್. ನಡುವೆ ಎರಡು ಸಾಲಿಗೆ ಕಪ್ಪು ಮಸಿ ಬಳಿದಿದ್ದಾರೆ. ಚಿಕ್ಕಜ್ಜ ಸಮಾಜವಾದಿ ನಾಯಕ ಲೋಹಿಯಾ ಮಾತು ಕೇಳಿ ಬೆಳೆದವರು. ತುರ್ತು ಪರಿಸ್ಥಿತಿಯಲ್ಲಿ, ವಿಚಾರಣೆಯಿಲ್ಲದೆ ಸೆರೆಯಲ್ಲಿಡಬಹುದಾದ ಮೀಸಾ ಕಾಯ್ದೆಯಡಿ, ಅವರನ್ನು ಹಿಡಿದು ಒಳಗೆ ಹಾಕಿದ್ದರು.

ಅಡಿಕೆ ಸುಲಿಯುವ ದಿನಗಳಲ್ಲಿ ಈ ಎರಡೂ ಕಾಗದ ಮಾತಿಗೆ ಬರುತ್ತವೆ. ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಕೂತರೆ ಮಾತು ಬೇಕಲ್ವಾ? ಅಕ್ಟೋಬರ್ 31 ಇಂದಿರಾ ಗಾಂಧಿ ತೀರಿಕೊಂಡ ದಿನ, ನವೆಂಬರ್ 19 ಅವರು ಹುಟ್ಟಿದ ದಿನ. ಎರಡೂ ಸುಲಿತದ ಕಾಲದಲ್ಲೇ ಬರುತ್ತವೆ. "ಇಂದಿರಮ್ಮ ಇಲ್ದಿದ್ರೆ ನಾವಿವತ್ತೂ ಒಡೆಯರ ಅಂಗಳಕ್ಕೆ ಭತ್ತ ಹೊರ್ತಾ ಇರ್ತಿದ್ವಿ" ಅನ್ನುತ್ತಾರೆ ದೊಡ್ಡಪ್ಪ. "ನಮ್ಮಪ್ಪ ಏನು ಕಳ್ಳತನ ಮಾಡಿದ್ರಾ, ಜೈಲಿಗೆ ಹಾಕೋಕೆ?" ಅನ್ನುತ್ತಾರೆ ಚಿಕ್ಕಜ್ಜನ ಮಗ. ಇಬ್ಬರೂ ಒಂದೇ ಜಗಲಿಯಲ್ಲಿ ಆಡಿ ಬೆಳೆದವರು.

ಇದು ನಮ್ಮ ಮನೆಯೊಂದರ ಜಗಳ ಅಲ್ಲ. ಶಿವಮೊಗ್ಗ, ಚಿಕ್ಕಮಗಳೂರಿನ ಎಷ್ಟೋ ಊರುಗಳಲ್ಲಿ ಇದೇ ಮಾತು ನಡೆಯುತ್ತದೆ. ಬೇರೆ ಕಡೆ ಇಂದಿರಾ ಎಂದರೆ ಬಾಂಗ್ಲಾ ಯುದ್ಧ, ಬ್ಯಾಂಕ್ ರಾಷ್ಟ್ರೀಕರಣ, ಪಂಜಾಬ್. ಇಲ್ಲಿ ಎಲ್ಲ ಮಾತೂ ಕೊನೆಗೆ ನೆಲಕ್ಕೇ ಬಂದು ನಿಲ್ಲುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಇಂದಿರಾ ಪ್ರಧಾನಿಯಾಗುವುದಕ್ಕೂ 15 ವರ್ಷ ಹಿಂದಕ್ಕೆ ಹೋಗಬೇಕು.

1951ರ ಏಪ್ರಿಲ್. ಸಾಗರದ ಪಕ್ಕದ ಕಾಗೋಡು. ಗೇಣಿ ಭತ್ತ ಅಳೆಯುವಾಗ ಭೂಮಾಲೀಕರು ದೊಡ್ಡ ಕೊಳಗ ಬಳಸುತ್ತಿದ್ದರು. ಸರ್ಕಾರದ ಮುದ್ರೆ ಇರುವ ಕೊಳಗದಲ್ಲೇ ಅಳೆಯಿರಿ ಎಂದು ದೀವರ ಸಮುದಾಯದ ಒಕ್ಕಲುಗಳು, ಅಂದರೆ ಗೇಣಿದಾರರು, ಹಟ ಹಿಡಿದರು. ಕೇಳಿದ್ದು ಅಷ್ಟೇ, ಒಂದು ಅಳತೆ ಪಾತ್ರೆ ಸರಿ ಇರಲಿ ಅಂತ. ಎಚ್. ಗಣಪತಿಯಪ್ಪನವರು ರೈತರನ್ನು ಒಟ್ಟು ಮಾಡಿದರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ಒಕ್ಕಲುಗಳು ಗದ್ದೆಗೆ ಇಳಿದು ಬಂಧನಕ್ಕೆ ಒಳಗಾದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದರು. "ಉಳುವವನೇ ನೆಲದೊಡೆಯ" ಎಂಬ ಮಾತು ಮಲೆನಾಡಿನ ಬಾಯಿಗೆ ಬಂದದ್ದು ಆ ಹೊತ್ತಿನಲ್ಲಿ. 1952ರಲ್ಲಿ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು.

ಆಗ ಕಾಂಗ್ರೆಸ್ ಸರ್ಕಾರ ಎದುರಿನ ಸಾಲಿನಲ್ಲಿತ್ತು. ಇದನ್ನು ದೊಡ್ಡಪ್ಪನಂಥವರು ಮರೆಯುತ್ತಾರೆ. ಇಂದಿರಾ ಮೊದಲು ಪ್ರಧಾನಿಯಾದಾಗ ಅವರನ್ನು "ಗೂಂಗಿ ಗುಡಿಯಾ", ಅಂದರೆ ಮೂಕ ಗೊಂಬೆ, ಎಂದು ಕರೆದದ್ದು ಕೂಡ ಕಾಗೋಡಿಗೆ ಬಂದಿದ್ದ ಅದೇ ಲೋಹಿಯಾ. 1967ರಲ್ಲಿ ಶಿವಮೊಗ್ಗ ಲೋಕಸಭೆಗೆ ಆರಿಸಿ ಕಳಿಸಿದ್ದು ಲೋಹಿಯಾ ಶಿಷ್ಯ ಜೆ.ಎಚ್. ಪಟೇಲರನ್ನು. ಅವರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಮಲೆನಾಡು ಮೊದಲಿನಿಂದಲೂ ಇಂದಿರಾ ಊರೇನಲ್ಲ.

ಗಾಳಿ ತಿರುಗಿದ್ದು 1969ರಲ್ಲಿ. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು, ಒಡಕು ಬಯಲಿಗೆ ಬಂತು. ಅದೇ ತಿಂಗಳು 19ಕ್ಕೆ ಇಂದಿರಾ 14 ಬ್ಯಾಂಕುಗಳನ್ನು ಸರ್ಕಾರಕ್ಕೆ ತೆಗೆದುಕೊಂಡರು. ನವೆಂಬರ್‌ನಲ್ಲಿ ಅವರನ್ನು ಪಕ್ಷದಿಂದ ಹೊರಹಾಕಿದ ಅಧ್ಯಕ್ಷರು ನಮ್ಮವರೇ, ಎಸ್. ನಿಜಲಿಂಗಪ್ಪ. ರಾಜ್ಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಕಡೆ ನಿಂತರು. ದೇವರಾಜ ಅರಸು ಇಂದಿರಾ ಕಡೆ ಹೋದರು. 1971ರಲ್ಲಿ "ಗರೀಬಿ ಹಟಾವೋ" ಎಂದಾಗ ರಾಜ್ಯದ 27ಕ್ಕೆ 27 ಸೀಟೂ ಇಂದಿರಾ ಕಾಂಗ್ರೆಸ್ಸಿಗೆ ಬಂದವು. ಮರುವರ್ಷ ಅರಸು ಮುಖ್ಯಮಂತ್ರಿಯಾದರು.

ಅರಸು ತಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಆ ದಿನಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ನಮ್ಮ ಕಡೆ ಅದಕ್ಕೆ "ಡಿಕ್ಲರೇಷನ್ ಹಾಕೋದು" ಅನ್ನುತ್ತಾರೆ. ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ಊರ ಕಡೆಯ ಜನ ಸದಸ್ಯರು. ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಇದು ತುಂಬ ದೊಡ್ಡ ವಿಷಯ. ಒಡೆಯರು ವಕೀಲರನ್ನು ಇಟ್ಟುಕೊಳ್ಳಬಲ್ಲರು, ಒಕ್ಕಲು ಇಟ್ಟುಕೊಳ್ಳಲಾರ. ಮಂಡಳಿ ಮುಂದೆ ಇಬ್ಬರೂ ತಮ್ಮ ಬಾಯಿಂದಲೇ ಹೇಳಬೇಕಾಯಿತು.

ಹೇಳುವುದೂ ಸುಲಭ ಇರಲಿಲ್ಲ. ಗೇಣಿಗೆ ರಸೀದಿ ಕೊಡುವ ಪದ್ಧತಿಯೇ ಕಡಿಮೆ. ಪಹಣಿಯಲ್ಲಿ ಒಕ್ಕಲಿನ ಹೆಸರು ಇಲ್ಲದ ಕಡೆ ಸಾಕ್ಷಿ ಬೇಕು. ಸಾಕ್ಷಿ ಹೇಳುವವನೂ ಬಹಳ ಸಲ ಅದೇ ಒಡೆಯರ ಇನ್ನೊಬ್ಬ ಒಕ್ಕಲು. ಕೆಲವರು ಹೆದರಿ ಅರ್ಜಿಯನ್ನೇ ಹಾಕಲಿಲ್ಲ. ಕೆಲವರು "ಅವರ ಅನ್ನ ತಿಂದಿದ್ದೇವೆ" ಎಂದು ಸುಮ್ನೆ ಉಳಿದರು. ಆದರೂ ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿ ಬಂದವು. ಕರಾವಳಿ ಮತ್ತು ಮಲೆನಾಡಿನಲ್ಲಿ ಗೇಣಿ ಪದ್ಧತಿ ಜಾಸ್ತಿ ಇತ್ತು, ಕಾನೂನಿನ ಬಿಸಿಯೂ ಇಲ್ಲೇ ಹೆಚ್ಚು ತಟ್ಟಿತು.

ಕಳೆದುಕೊಂಡವರ ಮಾತನ್ನೂ ಇಲ್ಲಿ ಹೇಳಬೇಕು. ಜಮೀನು ಹೋದದ್ದು ದೊಡ್ಡ ಒಡೆಯರದ್ದು ಮಾತ್ರ ಅಲ್ಲ. ಗಂಡ ತೀರಿಕೊಂಡ ಮೇಲೆ ಇದ್ದ ಒಂದೆರಡು ಎಕರೆಯನ್ನು ಗೇಣಿಗೆ ಕೊಟ್ಟು, ಬಂದ ಭತ್ತದಲ್ಲಿ ದಿನ ದೂಡುತ್ತಿದ್ದ ಹೆಂಗಸರದ್ದೂ ಹೋಯಿತು. ಇತ್ತ ನೂರಾರು ಎಕರೆಯ ಕಾಫಿ ಎಸ್ಟೇಟುಗಳಿಗೆ ಕಾನೂನು ವಿನಾಯಿತಿ ಕೊಟ್ಟಿತು. ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಒಡೆತನ ಹೆಚ್ಚು ಕದಲಲಿಲ್ಲ. ಆ ವಿಧವೆಯರ ಮನೆಗಳಲ್ಲಿ ಇಂದಿರಾ, ಅರಸು ಹೆಸರು ಕೇಳಿದರೆ ಇವತ್ತೂ ಮುಖ ತಿರುಗಿಸುತ್ತಾರೆ. ಅದು ಪಕ್ಷದ ಸಿಟ್ಟಲ್ಲ, ಬರೇ ಹೊಟ್ಟೆಯ ನೋವು.

ಇಷ್ಟರಲ್ಲಿ 1975ರ ಜೂನ್ ಬಂತು. 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಆಯ್ಕೆಯನ್ನು ರದ್ದು ಮಾಡಿತು. 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಜುಲೈ 1ಕ್ಕೆ 20 ಅಂಶಗಳ ಕಾರ್ಯಕ್ರಮ ಹೊರಬಿತ್ತು. ಅದರಲ್ಲಿ ಭೂಮಿತಿ ಜಾರಿ ಇತ್ತು, ಜೀತ ರದ್ದತಿ ಇತ್ತು, ಬಡವರ ಸಾಲ ವಸೂಲಿಗೆ ತಡೆ ಇತ್ತು. ಪತ್ರಿಕೆಗಳ ಬಾಯಿ ಮುಚ್ಚಿತ್ತು, ಮಂಡಳಿಗಳ ಬಾಗಿಲು ತೆರೆದಿತ್ತು.

ಅದೇ 1976ನ್ನು ನೋಡಿ. ಫೆಬ್ರವರಿಯಲ್ಲಿ ಜೀತ ರದ್ದತಿ ಕಾಯ್ದೆ. ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟಿನ ತೀರ್ಪು: ಸೆರೆಯಲ್ಲಿರುವವರು ತಮ್ಮ ಬಂಧನ ಪ್ರಶ್ನಿಸಿ ಕೋರ್ಟಿಗೆ ಬರುವಂತಿಲ್ಲ. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ವರ್ಷದ ಕೊನೆಗೆ ಕೋರ್ಟುಗಳ ಅಧಿಕಾರ ಕುಗ್ಗಿಸಿದ ಸಂವಿಧಾನದ 42ನೇ ತಿದ್ದುಪಡಿ. ದೇಶದಲ್ಲಿ ಒಟ್ಟು ಸೆರೆಯಾದವರು 1 ಲಕ್ಷಕ್ಕೂ ಹೆಚ್ಚು ಎಂದು ಆಮೇಲೆ ತುರ್ತು ಪರಿಸ್ಥಿತಿಯ ತನಿಖೆ ಮಾಡಿದ ಶಾ ಆಯೋಗ ಲೆಕ್ಕ ಕೊಟ್ಟಿತು. ಬೆಂಗಳೂರಿನ ಜೈಲಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದರು. ಅದೇ ಜೈಲಿನಲ್ಲಿ ಉಬ್ಬಸದಿಂದ ನರಳಿದ ಕಲಾವಿದೆ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಶಿವಮೊಗ್ಗ ಜಿಲ್ಲೆಯ ರಾಜಕಾರಣದಲ್ಲಿ ಹೆಸರಾದ ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ ಇಬ್ಬರೂ ಸೆರೆವಾಸ ಕಂಡವರು. ಒಬ್ಬರು ಸಮಾಜವಾದಿ, ಇನ್ನೊಬ್ಬರು ಆರೆಸ್ಸೆಸ್‌ನವರು.

ನನಗೆ ನೋವಾಗುವುದು ಇಲ್ಲಿ. ಉಳುವವನಿಗೇ ನೆಲ ಎಂದು 1951ರಿಂದ ಕೂಗಿದವರು ಸಮಾಜವಾದಿಗಳು. ಅವರ ಕೂಗು ಕಾನೂನಾಗಿ ಒಕ್ಕಲುಗಳ ಕೈಗೆ ಆದೇಶ ಬರುವ ಹೊತ್ತಿಗೆ, ಅವರಲ್ಲೇ ಎಷ್ಟೋ ಜನ ಕಂಬಿಯ ಹಿಂದಿದ್ದರು. ಹಾಗಾಗಿ ತುರ್ತು ಪರಿಸ್ಥಿತಿಯನ್ನು ವಿರೋಧಿಸಿದವರೆಲ್ಲ ಜಮೀನು ಕಳೆದುಕೊಂಡ ಒಡೆಯರು ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಹಾಗೆಯೇ, ಜಮೀನು ಹೋದ ಸಿಟ್ಟನ್ನು ಪ್ರಜಾಪ್ರಭುತ್ವದ ಹೆಸರಿನಲ್ಲಿ ತೀರಿಸಿಕೊಂಡವರೇ ಇರಲಿಲ್ಲ ಎಂದರೆ ಅದೂ ಸುಳ್ಳು. ನೆಲ ಸಿಕ್ಕಿತು ಎಂಬ ಕಾರಣಕ್ಕೆ ಜೈಲು ಸರಿಯಾಗುವುದಿಲ್ಲ. ನೆಲ ಕೊಡಲು ಜೈಲು ಬೇಕಾಗಿಯೂ ಇರಲಿಲ್ಲ. ಕಾನೂನು ಬಂದದ್ದು ತುರ್ತು ಪರಿಸ್ಥಿತಿಗೆ ಒಂದು ವರ್ಷ ಮೊದಲೇ ಅಲ್ವಾ?

1977ರ ಮಾರ್ಚ್‌ನಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿತು. ಒತ್ತಾಯದ ಸಂತಾನಶಕ್ತಿಹರಣ ಚಿಕಿತ್ಸೆಯ ಸಿಟ್ಟು ಅಲ್ಲಿ ಹೆಚ್ಚಿತ್ತು. ಸ್ವತಃ ಇಂದಿರಾ ರಾಯ್‌ಬರೇಲಿಯಲ್ಲಿ ಸೋತರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಕಾಂಗ್ರೆಸ್ಸಿಗೇ. ಇಲ್ಲಿನ ಜನಕ್ಕೆ ಸ್ವಾತಂತ್ರ್ಯದ ಬೆಲೆ ಗೊತ್ತಿಲ್ಲ ಎಂದು ಆಗ ಬೈದವರಿದ್ದರು. ಆ ಮಾತು ನನಗೆ ಒಪ್ಪಿಗೆಯಿಲ್ಲ. ಒಡೆಯರ ಅಂಗಳದಲ್ಲಿ ತಲೆ ಎತ್ತದೆ ನಿಂತಿದ್ದವನಿಗೆ ಎರಡು ಎಕರೆ ಗದ್ದೆಯೂ ಸ್ವಾತಂತ್ರ್ಯವೇ.

ಆಮೇಲಿನದ್ದು ಚಿಕ್ಕಮಗಳೂರು. ಅಲ್ಲಿನ ಸಂಸದ ಡಿ.ಬಿ. ಚಂದ್ರೇಗೌಡರು ಇಂದಿರಾಗಾಗಿ ಸೀಟು ಬಿಟ್ಟುಕೊಟ್ಟರು. 1978ರ ನವೆಂಬರ್‌ನಲ್ಲಿ ಉಪಚುನಾವಣೆ. ಜನತಾ ಪಕ್ಷದಿಂದ ನಿಂತವರು ಹಿಂದೆ ಮುಖ್ಯಮಂತ್ರಿಯಾಗಿದ್ದ ಅದೇ ವೀರೇಂದ್ರ ಪಾಟೀಲ್. ಜಾರ್ಜ್ ಫರ್ನಾಂಡಿಸ್ ಊರೂರು ಸುತ್ತಿ ತುರ್ತು ಪರಿಸ್ಥಿತಿಯ ಕಥೆ ಹೇಳಿದರು. ಇಂದಿರಾ ಮಳೆಯಲ್ಲಿ ನೆನೆದ ಘಾಟಿ ರಸ್ತೆಗಳಲ್ಲಿ ಓಡಾಡಿ ಹೆಂಗಸರ ಗುಂಪಿಗೆ ಕೈಮುಗಿದರು. "ಏಕ್ ಶೇರ್ನಿ, ಸೌ ಲಂಗೂರ್, ಚಿಕ್ಕಮಗಳೂರ್ ಭಾಯಿ ಚಿಕ್ಕಮಗಳೂರ್" (ಒಂದು ಹೆಣ್ಣು ಸಿಂಹ, ನೂರು ಮಂಗ) ಎಂಬ ಹಿಂದಿ ಘೋಷಣೆ ಕಾಫಿ ತೋಟಗಳ ನಡುವೆ ಕೇಳಿತು. 77 ಸಾವಿರಕ್ಕೂ ಹೆಚ್ಚು ಮತಗಳಿಂದ ಅವರು ಗೆದ್ದರು. ಡಿಸೆಂಬರ್ 19ಕ್ಕೆ ಲೋಕಸಭೆ ಹಕ್ಕುಚ್ಯುತಿ ಆರೋಪದಲ್ಲಿ ಅವರನ್ನು ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿತು. ಮಲೆನಾಡು ಆರಿಸಿದ ಸಂಸದೆ ಸದನದಲ್ಲಿ ಇದ್ದದ್ದು ಕೆಲವೇ ವಾರ.

1980ರಲ್ಲಿ ಮತ್ತೆ ಪ್ರಧಾನಿಯಾದಾಗ ಅವರು ಆರಿಸಿಕೊಂಡದ್ದು ಈಗಿನ ತೆಲಂಗಾಣದ ಮೇದಕ್ ಕ್ಷೇತ್ರ. ಅರಸು ಆಗಲೇ ದೂರವಾಗಿದ್ದರು. 1979ರಲ್ಲಿ ಅವರನ್ನು ಪಕ್ಷದಿಂದ ಹೊರಹಾಕಲಾಗಿತ್ತು. ಭೂಸುಧಾರಣೆಯ ಯಶಸ್ಸೆಲ್ಲ ಇಂದಿರಮ್ಮನದೇ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ. ನನ್ನ ಕೇಳಿದರೆ, ಆ ಆದೇಶದ ಮೇಲೆ ಮೊದಲ ಹೆಸರು ಕಾಗೋಡಿನ ಒಕ್ಕಲುಗಳದ್ದು, ಎರಡನೆಯದು ಅರಸು ಅವರದ್ದು. ಇಂದಿರಾ ಬೆನ್ನಿಗೆ ನಿಂತದ್ದು ನಿಜ, ಅದೂ ಸಣ್ಣದಲ್ಲ.

ನೆಲದ ಕಥೆಗೆ ಇನ್ನೊಂದು ತಿರುವು ಇದೆ. 1980ರ ಅಕ್ಟೋಬರ್‌ನಲ್ಲಿ ಅವರ ಸರ್ಕಾರವೇ ಅರಣ್ಯ ಸಂರಕ್ಷಣಾ ಕಾನೂನು ತಂದಿತು. ಕೇಂದ್ರದ ಒಪ್ಪಿಗೆಯಿಲ್ಲದೆ ಕಾಡಿನ ಜಾಗವನ್ನು ಬೇರೆಯದಕ್ಕೆ ಕೊಡುವಂತಿಲ್ಲ. ಪಶ್ಚಿಮ ಘಟ್ಟದಲ್ಲಿ ಇವತ್ತು ಉಳಿದಿರುವ ಹಸಿರಿಗೆ ಆ ಕಾನೂನಿನ ಋಣ ಇದೆ. ಆದರೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮನೆ ಮುಳುಗಿ, ಕಾಡಂಚಿಗೆ ಬಂದು ನೆಲೆಸಿದ ಶರಾವತಿ ಸಂತ್ರಸ್ತರಿಗೆ ಅದೇ ಕಾನೂನು ಗೋಡೆಯಾಯಿತು. ಎಷ್ಟೋ ಕುಟುಂಬಗಳು ಈಗಲೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಇಂದಿರಾ ಕಾಲದ ಒಂದು ಕಾನೂನಿನಿಂದ ಒಬ್ಬರಿಗೆ ಗದ್ದೆ ಬಂತು, ಇನ್ನೊಂದರಿಂದ ಇನ್ನೊಬ್ಬರಿಗೆ ಪಟ್ಟಾ ತಪ್ಪಿತು. ಕಾಡು ಉಳಿಸಿದ ಈ ಹೆಸರಿಗೆ ಎದುರಾಗಿ ಕುದುರೆಮುಖವೂ ಇದೆ. ಭದ್ರೆ ಹುಟ್ಟುವ ಸೀಮೆಯಲ್ಲಿ ಅದಿರು ತೆಗೆಯುವ ಕಂಪನಿ ಶುರುವಾದದ್ದು 1976ರಲ್ಲೇ. ಅಲ್ಲಿ ಗಣಿಗಾರಿಕೆ ನಿಂತದ್ದು 2005ರ ಕೊನೆಗೆ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ.

2024ರ ಜುಲೈನಲ್ಲಿ ಕೇಂದ್ರ ಸರ್ಕಾರ ಜೂನ್ 25ನ್ನು "ಸಂವಿಧಾನ ಹತ್ಯಾ ದಿವಸ" ಎಂದು ಘೋಷಿಸಿತು. ಜಗಳಕ್ಕೆ ಹೊಸ ತಾರೀಖು ಸಿಕ್ಕಿತು. ನಮ್ಮ ಜಗಲಿಯಲ್ಲಿ ಈಗ ಮೊಮ್ಮಕ್ಕಳೂ ಮಾತಾಡುತ್ತಾರೆ. ಒಬ್ಬರ ಫೋನಿನಲ್ಲಿ ಇಂದಿರಾ ದುರ್ಗೆ, ಇನ್ನೊಬ್ಬರ ಫೋನಿನಲ್ಲಿ ಹಿಟ್ಲರ್. ಕೊಳಗದ ಹೆಸರು ಇಬ್ಬರಿಗೂ ಗೊತ್ತಿರಲಿಲ್ಲ. ಹೋದ ವರ್ಷ ನಾನು ಟ್ರಂಕು ತೆಗೆದು ಚಿಕ್ಕಜ್ಜನ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದೆ. ಮಸಿ ಬಳಿದ ಸಾಲುಗಳ ಕೆಳಗೆ ಅಣ್ಣನಿಗೆ ಹೀಗೆ ಬರೆದಿದ್ದರು: "ಮಂಡಳಿಯ ವಾಯಿದೆ ತಪ್ಪಿಸಬೇಡ. ಗೇಣಿ ಹಾಕಿದ ಎರಡು ರಸೀದಿ ಅಟ್ಟದ ಮೇಲೆ ತಗಡಿನ ಡಬ್ಬಿಯಲ್ಲಿದೆ. ಒಡೆಯರ ಮುಂದೆ ನಿಂತೇ ಮಾತಾಡು, ಕೂರು ಅಂದರೆ ಕುರ್ಚಿಯ ಮೇಲೆ ಕೂರು."